ಜೀನ್ಸ್ ಕೂಸಿಗೆ ನೀರೆರೆದ ವರ್ಷ

ಮೊನ್ನೆ ಭಾನುವಾರ ನನ್ನ ಮಗಳು ಹೊಸ ಜೀನ್ಸ್ ಪ್ಯಾಂಟನ್ನು ಬಕೆಟ್ಟಿನಲ್ಲಿ ನೆನೆಹಾಕಿ ಮರೆತುಬಿಟ್ಟಿದ್ದಳು. ಸಂಜೆ ಬಚ್ಚಲಿಗೆ ಹೋಗಿ ನೋಡಿದರೆ ಬಕೆಟ್ಟಿನ ನೀರೆಲ್ಲ ಕಡುನೀಲಿ. ಪ್ಯಾಂಟನ್ನು ಎತ್ತಿದ್ದೇ ತಡ, ಆ ನೀರು ನೆಲದ ತುಂಬ ಹರಿಯಿತು. ಗಂಜಿ ಬಿಡದ ಹೊಸ ಬಟ್ಟೆ ನೆನೆದಾಗ ಬರುವ ಹುಳಿ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ನಾನು ಒಬ್ಬಳೇ ನಿಂತು ನಗತೊಡಗಿದೆ. ಮಗಳು ಓಡಿಬಂದು, "ಏನಾತಮ್ಮಾ?" ಎಂದಳು. "ನಿನಗಿಂತ ಮೊದಲು ನಮ್ಮ ಮನೆಯಲ್ಲೊಂದು ಕೂಸಿತ್ತು, ಅದು ನೆನಪಾಯಿತು" ಎಂದೆ. ಅವಳ ಮುಖ ನೋಡಬೇಕಿತ್ತು. ಅವಳನ್ನು ಕೂರಿಸಿಕೊಂಡು ಹೇಳಿದ ಕಥೆಯನ್ನೇ ಇಲ್ಲಿಯೂ ಹೇಳುತ್ತಿದ್ದೇನೆ.

ಆಗ ನಾವು ಆಂಧ್ರದ ಗಡಿಯ ರಾಯದುರ್ಗದಲ್ಲಿದ್ದೆವು. ನಾನು ಮಡಕಶಿರಾ ಕಡೆಯವಳು, ಅಗಳಿ ಹತ್ತಿರದ ಹಳ್ಳಿಯಲ್ಲಿ ಹುಟ್ಟಿ ಬೆಳೆದವಳು. ಮದುವೆಯಾಗಿ ರಾಯದುರ್ಗಕ್ಕೆ ಬಂದೆ. ಗಂಡನ ಮನೆಯವರೂ ಪೇಟೆಯ ಮೂಲದವರಲ್ಲ. ನೇಮಕಲ್ಲಿನ ಕಡೆ ಕುರಿ ಸಾಕುತ್ತಿದ್ದವರು, ಕುರಿ ಮಾರಿ ಹೊಲಿಗೆ ಮಷಿನ್ ಕೊಂಡು ಊರು ಬಿಟ್ಟಿದ್ದರು. ನಮ್ಮ ಓಣಿಯಲ್ಲಿ ಮಷಿನ್ ಇಲ್ಲದ ಮನೆಯೇ ಇರಲಿಲ್ಲ. ಒಂದು ಮನೆಯಲ್ಲಿ ಜೇಬು, ಇನ್ನೊಂದು ಮನೆಯಲ್ಲಿ ಸೊಂಟಪಟ್ಟಿ, ಮತ್ತೊಂದರಲ್ಲಿ ಗುಂಡಿ. ನಮ್ಮ ಮನೆಯ ಮುಂದಿನ ಹಾಲಿನಲ್ಲಿ ಗೋಡೆಯಿಂದ ಗೋಡೆಗೆ ಒಂದು ಉದ್ದನೆಯ ಕಟಿಂಗ್ ಮೇಜು. ನನ್ನ ಗಂಡ ಗಾದಿಲಿಂಗಪ್ಪ ಅಲ್ಲಿ ಜೀನ್ಸ್ ಬಟ್ಟೆ ಕತ್ತರಿಸುತ್ತಿದ್ದರು, ನಾನೂ ಇನ್ನಿಬ್ಬರು ಹೆಂಗಸರೂ ಹೊಲಿಯುತ್ತಿದ್ದೆವು. ಅತ್ತೆ ತಿಪ್ಪಮ್ಮ ಕೆಳಗೆ ಕೂತು ಪ್ಯಾಂಟಿನ ಉಳಿಕೆ ದಾರಗಳನ್ನು ಕತ್ತರಿಸುತ್ತ, ಮಷಿನ್ನುಗಳ ಸದ್ದಿಗಿಂತ ಗಟ್ಟಿಯಾಗಿ ಮಾತಾಡುತ್ತಿದ್ದರು.

ನಾನು ಐದು ತಿಂಗಳ ಬಸುರಿ. ಚೊಚ್ಚಲ ಬಾಣಂತನ ತವರಿನದು. ಅಮ್ಮ ಬಂದು ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು. ಅಷ್ಟರಲ್ಲಿ ತಮ್ಮನ ಫೋನು ಬಂತು. ಅಮ್ಮ ರೇಷ್ಮೆ ಹುಳದ ಮನೆಯಲ್ಲಿ ಹಿಪ್ಪುನೇರಳೆ ಕಡ್ಡಿಯ ಮೇಲೆ ಕಾಲಿಟ್ಟು ಜಾರಿ, ಬಲಗಡೆಯ ಸೊಂಟದ ಮೂಳೆ ಮುರಿದುಕೊಂಡಿದ್ದಳು. ಹಿಂದೂಪುರದಲ್ಲಿ ಆಪರೇಷನ್ ಮಾಡಿ ಒಳಗೆ ರಾಡು ಹಾಕಿದರು. ಡಾಕ್ಟರು ಎರಡೇ ಮಾತು ಹೇಳಿದ್ದರು: ನೆಲದ ಮೇಲೆ ಕೂರುವಂತಿಲ್ಲ, ಕುಕ್ಕರಗಾಲಲ್ಲಂತೂ ಬೇಡವೇ ಬೇಡ, ಹಾಗಂತ ಮಲಗಿಯೂ ಬಿಡುವಂತಿಲ್ಲ, ವಾಕರ್ ಹಿಡಿದು ನಡೆಯಲೇಬೇಕು. ಊರಲ್ಲಿ ತಮ್ಮ ಒಬ್ಬನೇ, ಇನ್ನೂ ಮದುವೆಯಿಲ್ಲ. ಹುಳ ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಹಗಲು ರಾತ್ರಿ ಸೊಪ್ಪು ಮೇಯುವ ಹೊತ್ತು. ಅವನು ಹುಳ ನೋಡುತ್ತಾನೋ ಅಮ್ಮನನ್ನೋ? ನನ್ನ ಗಂಡ ಹೋಗಿ ಕಾರಿನ ಮುಂದಿನ ಸೀಟು ಒರಗಿಸಿ ಅಮ್ಮನನ್ನು ರಾಯದುರ್ಗಕ್ಕೇ ಕರೆತಂದರು.

ಕಾರಿನಿಂದ ಇಳಿಸುವಾಗಲೇ ಅಮ್ಮ ನನ್ನ ಹೊಟ್ಟೆ ನೋಡಿ ಕಣ್ಣು ತುಂಬಿಕೊಂಡಳು. "ನಿನ್ನ ಬಾಣಂತನ ಮಾಡ್ಬೇಕಾಗಿದ್ದೋಳು ನಾನು ಕಣೆ ನಾಗು. ಈಗ ನಾನೇ ನಿಮ್ಮನೆ ಬಾಣಂತಿ ಆದ್ನಲ್ಲೇ" ಎಂದಳು.

ಅತ್ತೆ ಆರತಿ ತಟ್ಟೆಯೊಂದನ್ನು ಬಿಟ್ಟು ಮಿಕ್ಕ ಸಡಗರವನ್ನೆಲ್ಲ ಮಾಡಿದರು. "ಬರ್ರಿ ಬೀಗ್ತಿ, ಬರ್ರಿ! ಯಾಕ ಅಳ್ತೀರಿ? ನಮ್ಮಾಗ ಕುರಿ ಕಾಲು ಮುರಕೊಂಡ್ರ ಬಿದಿರು ದಬ್ಬಿ ಕಟ್ಟಿ ಬಿಡ್ತೀವಿ, ಮುಂದಿನ ಅಮಾಸಿಗೆ ಗುಡ್ಡ ಹತ್ತತೈತಿ. ನಿಮಗ ದೊಡ್ಡ ಡಾಕ್ಟ್ರು ಕಬ್ಬಿಣನ ಹಾಕ್ಯಾರ!" ತನ್ನನ್ನು ಕುರಿಗೆ ಹೋಲಿಸಿದ್ದು ಅಮ್ಮನಿಗೆ ಹಿಡಿಸಲಿಲ್ಲ ಅನ್ನುವುದು ಮುಖದಲ್ಲೇ ಗೊತ್ತಾಯಿತು.

ಮೊದಮೊದಲು ಅಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದಳೆಂದರೆ ಮಲಗಿದಳು. ಮಗಳ ಮನೆಯಲ್ಲಿ, ಬೀಗರ ಎದುರಲ್ಲಿ, ಬಚ್ಚಲಿಗೆ ಹೋಗಬೇಕಾದರೂ ಇನ್ನೊಬ್ಬರನ್ನು ಕರೆಯಬೇಕು. ಅವಳಿಗೆ ಅದು ಮೂಳೆ ಮುರಿದದ್ದಕ್ಕಿಂತ ದೊಡ್ಡ ನೋವು. ಊಟ ಕಡಿಮೆ ಮಾಡಿದರೆ ಬಚ್ಚಲಿಗೆ ಹೋಗುವುದೂ ಕಡಿಮೆಯಾಗುತ್ತದೆ ಎಂಬ ಲೆಕ್ಕ ಹಾಕಿ ಅರ್ಧ ಮುದ್ದೆಗೇ ಕೈ ತೊಳೆಯುತ್ತಿದ್ದಳು. ಫಳಫಳ ಹೊಳೆಯುವ ವಾಕರ್ ಮೂಲೆಯಲ್ಲಿ ನಿಂತಿತ್ತು. ಹೇಗೂ ಖಾಲಿ ಇದೆಯಲ್ಲ ಎಂದು ಅತ್ತೆ ಅದರ ಮೇಲೆ ತಮ್ಮ ಲಂಗ ಒಣಹಾಕತೊಡಗಿದರು.

ಒಂದು ದಿನ ಅಮ್ಮನಿಗೆ ವ್ಯಾಯಾಮ ಕಲಿಸಲು ಫಿಸಿಯೋ ಮೇಡಂ ಬಂದರು. ಸುಜಾತ ಎಂದು ಹೆಸರು. ತೆಲುಗಿನವರು, ಕನ್ನಡ ಚೆನ್ನಾಗಿಯೇ ಆಡುತ್ತಿದ್ದರು, ಅವಸರವಾದಾಗ ಮಾತ್ರ ತೆಲುಗು ಬರುತ್ತಿತ್ತು. ವಾಕರಿನ ಮೇಲಿದ್ದ ಲಂಗವನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟು, ಅಮ್ಮನ ಮಂಚದ ಮೇಲೆ ಕೂತು, "ಅಮ್ಮಾ, ನಿಮ್ಮ ಕೈಯಾರೆ ನೀವೇ ಮಾಡಬೇಕು ಅನ್ನೋ ಕೆಲಸ ಯಾವುದು ಹೇಳಿ. ಅದರಿಂದಲೇ ಶುರು ಮಾಡೋಣ" ಎಂದು ಕೇಳಿದರು. ಬಚ್ಚಲಿಗೆ ಹೋಗಬೇಕು ಅನ್ನುತ್ತಾಳೆ ಎಂದುಕೊಂಡು ನಾವೆಲ್ಲ ಕಾದೆವು. ಅಮ್ಮ ಗೋಡೆಗೇ ಹೇಳಿದಳು: "ನನ್ ಮಗಳ ಮಗೀಗೆ ನಾನೇ ನೀರುಯ್ಯಬೇಕು."

ನಮ್ಮ ಕಡೆ ಎಳೆಗೂಸಿಗೆ ನೀರು ಹಾಕುವುದೆಂದರೆ ಬಕೆಟ್ಟಿನಲ್ಲಿ ಅದ್ದಿ ತೆಗೆಯುವುದಲ್ಲ. ಅಜ್ಜಿಯಾದವಳು ಬಚ್ಚಲಲ್ಲಿ ಮಣೆ ಹಾಕಿಕೊಂಡು, ಎರಡೂ ಕಾಲು ಮುಂದಕ್ಕೆ ಚಾಚಿ, ಕಾಲುಗಳ ಮೇಲೆ ಕೂಸನ್ನು ಮಲಗಿಸಿ, ತಿಕ್ಕಿ, ನೀವಿ, ಬಿಸಿನೀರು ಹುಯ್ಯಬೇಕು. ಅಮ್ಮ ಇದರಲ್ಲಿ ಎತ್ತಿದ ಕೈ. ನಮ್ಮೂರಿನ ಅರ್ಧ ಮಕ್ಕಳು ಅವಳ ಕಾಲ ಮೇಲೆ ಅತ್ತು ಬೆಳೆದವರು. ಊರ ಮಕ್ಕಳಿಗೆಲ್ಲ ಎರೆದವಳು ತನ್ನ ಮಗಳ ಕೂಸಿಗೆ ಎರೆಯಲಾಗದೆ ಮಂಚದ ಮೇಲೆ ಮಲಗಿರಬೇಕೇ? ಅಷ್ಟು ದಿನ ಗೋಡೆ ನೋಡುತ್ತ ಅವಳು ಯೋಚಿಸಿದ್ದು ಇದೊಂದನ್ನೇ ಎಂದು ಆಗ ತಿಳಿಯಿತು.

"ಅಯ್ಯ, ಅದಕ್ಯಾಕ ಚಿಂತಿ? ನಾನು ಅದೀನಲ್ರಿ, ನಾನು ಎರೀತೀನಿ" ಎಂದರು ಅತ್ತೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಸುಜಾತ ಮೇಡಂ ನಗಲಿಲ್ಲ, ಆಗುವುದಿಲ್ಲ ಎಂದೂ ಹೇಳಲಿಲ್ಲ. "ನೆಲಕ್ಕೆ ನೀವು ಇಳಿಯೋದು ಬೇಡ. ನೆಲವನ್ನೇ ನಿಮ್ಮ ಹತ್ತಿರಕ್ಕೆ ತರೋಣ. ಕುರ್ಚಿ ಮೇಲೆ ಕೂತು, ಎದುರಿಗೆ ಸ್ಟೂಲಿಟ್ಟು ಕಾಲು ಚಾಚಬಹುದು. ಆದರೆ ಒಂದು ಮಾತು. ಯಾರ ಕೈಯೂ ಹಿಡಿಯದೆ ವಾಕರ್ ಮೇಲೆ ಬಚ್ಚಲಿನವರೆಗೆ ಹೋಗಿ, ನೀವೇ ಕೂತು, ನೀವೇ ಏಳಬೇಕು. ಅದು ಬಂದರೆ ಮಾತ್ರ ನಿಮ್ಮ ಕಾಲ ಮೇಲೆ ಕೂಸು" ಎಂದರು. ಅಮ್ಮ ಸೆರಗು ತೆಗೆದು ಮೊದಲ ಸಲ ಅವರ ಮುಖ ನೋಡಿದಳು. ಆಮೇಲೆ ವಾಕರಿನ ಮುಖವನ್ನೂ ನೋಡಿದಳು.

ಆ ಮುಂಗಾರಿನಲ್ಲಿ ರಾಯದುರ್ಗಕ್ಕೆ ಮಳೆಗಿಂತ ಗಾಳಿಯೇ ಹೆಚ್ಚು ಬಂತು. ಬೆಟ್ಟದ ಕಡೆಯಿಂದ ಬೀಸಿ ಬೀಸಿ ಓಣಿಯ ತುಂಬ ನೀಲಿ ದಾರದ ತುಣುಕುಗಳನ್ನು ಹಾರಿಸುತ್ತಿತ್ತು. ಗಾಳಿ ಜೋರಾದರೆ ಕರೆಂಟು ಹೋಗುತ್ತಿತ್ತು. ಕರೆಂಟು ಹೋದರೆ ಓಣಿಯ ಮಷಿನ್ನುಗಳೆಲ್ಲ ಒಟ್ಟಿಗೆ ಬಾಯಿ ಮುಚ್ಚುತ್ತಿದ್ದವು, ನಮಗೆ ಕೈ ಖಾಲಿ. ಅದೇ ಅಮ್ಮನ ಪಾಠದ ಹೊತ್ತಾಯಿತು. "ಕರೆಂಟ್ ಹೋತು, ಏಳ್ರಿ ಬೀಗ್ತಿ!" ಎಂದು ಅತ್ತೆ ಕೂಗುವುದು, ನಾವೆಲ್ಲ ಸುತ್ತ ನೆರೆಯುವುದು, ಅಮ್ಮ ಪಾದ ಮೇಲೆ ಕೆಳಗೆ ಆಡಿಸುವುದು, ತೊಡೆ ಬಿಗಿಹಿಡಿದು ಬಿಡುವುದು, ಕುರ್ಚಿಯಿಂದ ಎದ್ದು ಕೂರುವುದು. ಕರೆಂಟು ಕಡಿಮೆ ಹೋದ ದಿನ ಅಮ್ಮನೇ ಬಲ್ಬಿನ ಕಡೆ ನೋಡಿ, "ಇವತ್ತು ಯಾಕೋ ಹೋಗ್ಲೇ ಇಲ್ವಲ್ಲೇ" ಎಂದು ಚಡಪಡಿಸುತ್ತಿದ್ದಳು. ಇಡೀ ಊರಲ್ಲಿ ಕರೆಂಟು ಹೋಗಲಿ ಎಂದು ಹಾರೈಸಿದ ಏಕೈಕ ಹೆಂಗಸು ನನ್ನ ತಾಯಿಯೇ ಇರಬೇಕು.

ಬಲಗಾಲು ಒಂದು ಚೂರು ಗಿಡ್ಡವಾಗಿದೆ, ಆ ಚಪ್ಪಲಿಗೆ ಸ್ವಲ್ಪ ಎತ್ತರ ಕೊಟ್ಟರೆ ನಡಿಗೆ ಸರಿಯಾಗುತ್ತದೆ ಎಂದು ಮೇಡಂ ಅಳತೆ ಹೇಳಿದರು. "ಅಳತಿ ಕೆಲಸ ನನಗ ಬಿಡ್ರಿ" ಎಂದು ನನ್ನ ಗಂಡ ಎದೆಯುಬ್ಬಿಸಿ, ಕತ್ತರಿಸಿ ಉಳಿದ ಜೀನ್ಸ್ ಚೂರುಗಳನ್ನು ಪದರ ಪದರವಾಗಿ ಅಂಟಿಸಿ, ದಪ್ಪ ಸೂಜಿಯಲ್ಲಿ ಹೊಲಿದು, ಬಲಗಾಲಿನ ಚಪ್ಪಲಿಗೆ ಅಟ್ಟೆ ಕೂರಿಸಿದರು. ಕೆಲಸ ಅಚ್ಚುಕಟ್ಟಾಗಿತ್ತು. ಅಮ್ಮ ಹಾಕಿಕೊಂಡು ನಿಂತವಳು ಎಡಕ್ಕೆ ವಾಲಿದಳು. "ಇದೇನಪ್ಪ, ಈಗ ಎಡಗಾಲು ಗಿಡ್ಡ ಆಯ್ತಲ್ಲ!"

ನೋಡಿದರೆ ನಮ್ಮ ಯಜಮಾನರು ಮೇಡಂ ಹೇಳಿದ ಅಳತೆಗೆ ಮೇಲೊಂದಿಷ್ಟು ಸೇರಿಸಿದ್ದರು. ಜೀನ್ಸ್ ಬಟ್ಟೆ ಒಗೆದ ಮೇಲೆ ಕುಗ್ಗುತ್ತದೆ. ಅದಕ್ಕೆಂದು ಮಾರ್ಜಿನ್ ಬಿಡದೆ ಅವರು ಆಯಸ್ಸಿನಲ್ಲೇ ಕತ್ತರಿ ಆಡಿಸಿದವರಲ್ಲ. "ನಡದು ನಡದು ಕುಗ್ಗತೈತಿ ಅಂತ ಬಿಟ್ಟಿದ್ದೆನ್ರಿ, ಅತ್ತಿ" ಎಂದು ತಲೆ ಕೆರೆದುಕೊಂಡರು. "ಕಾಲಿಗೆ ಮಾರ್ಜಿನ್ ಇರೋದಿಲ್ಲ ಗಾದಿಲಿಂಗಪ್ಪನವರೇ" ಎಂದು ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಲಿನ ಪದರ ಬಿಚ್ಚಿದ ಮೇಲೆ ಅಮ್ಮ ನೆಟ್ಟಗೆ ನಿಂತಳು. ಮುಂದೆ ಊರಿಗೆ ಹೋದ ಮೇಲೂ ಆ ಚಪ್ಪಲಿ ಸವೆದಾಗಲೆಲ್ಲ ಅಳಿಯನೇ ಹೊಸ ಅಟ್ಟೆ ಕಟ್ಟಿ ಬಸ್ಸಿನಲ್ಲಿ ಕಳಿಸಬೇಕಾಗುತ್ತಿತ್ತು.

ನಡಿಗೆ ಕಲಿಸಿದ್ದು ಮಾತ್ರ ಕಟಿಂಗ್ ಮೇಜು. ಬಟ್ಟೆಯನ್ನು ಕತ್ತರಿಸುವ ಮೊದಲು ಮೇಜಿನ ಈ ತುದಿಯಿಂದ ಆ ತುದಿಗೆ ಎಳೆದು, ಸುಕ್ಕು ಬಿಡಿಸಿ, ಒಂದರ ಮೇಲೊಂದು ಹಾಸುತ್ತ ಹೋಗಬೇಕು. ಮೇಜಿನ ಎರಡು ಮಗ್ಗುಲಿಗೂ ಒಬ್ಬೊಬ್ಬರು ನಡೆಯುತ್ತಲೇ ಇರಬೇಕಾದ ಕೆಲಸ. ಮೇಜು ಸೊಂಟದೆತ್ತರ, ಅಂಚು ಗಟ್ಟಿ. ಸುಜಾತ ಮೇಡಂ ಅದನ್ನು ಕೈಯಿಂದ ಅಲುಗಾಡಿಸಿ ನೋಡಿ, "ನಮ್ಮ ಕ್ಲಿನಿಕ್ಕಿನಲ್ಲಿ ಹಿಡಿದು ನಡೆಯೋಕೆ ಇಟ್ಟಿರೋ ಕಂಬಿ ಇಷ್ಟು ಉದ್ದ ಇಲ್ಲ" ಎಂದರು. ಅಮ್ಮ ಒಂದು ಕೈಯಲ್ಲಿ ಅಂಚು ಹಿಡಿದು ಮೇಜಿನ ಉದ್ದಕ್ಕೂ ನಡೆಯತೊಡಗಿದಳು. ಬರಿಗೈಯಲ್ಲಿ ನಡೆಯಲು ಅವಳಿಗೆ ನಾಚಿಕೆ. ಬೀಗರ ಮನೆಯಲ್ಲಿ ಸುಮ್ಮನೆ ಓಡಾಡುವುದು ಹೇಗೆ? ಇನ್ನೊಂದು ಕೈಯಿಂದ ಬಟ್ಟೆಯ ಸೆರಗು ಹಿಡಿದು ಎಳೆದಳು. ಎದುರು ಮಗ್ಗುಲಲ್ಲಿ ಅತ್ತೆ.

"ನಿಮ್ಮ ಕಡೆ ಸುಕ್ಕು ಐತಿ ನೋಡ್ರಿ, ಬೀಗ್ತಿ."

"ನಮ್ ಕಡೆ ನೆಟ್ಟಗೈತೆ ಬೀಗ್ತಮ್ಮ. ನೀವೇ ಮಾತಾಡ್ಕಂಡು ಬಿಗಿ ಎಳೀತೀರ."

ಹೀಗೆ ಜಗಳವಾಡುತ್ತ ಇಬ್ಬರೂ ನಡೆದದ್ದೇ ನಡೆದದ್ದು. ಸುಕ್ಕು ಬಿಡಿಸಲು ಎರಡು ಕೈ ಬೇಕು. ಮೊದಲು ಹೆದರಿ ಹೆದರಿ, ಆಮೇಲೆ ತನಗೇ ತಿಳಿಯದಂತೆ, ಅಮ್ಮ ಅಂಚಿಗೆ ಹೊಟ್ಟೆಯೊರಗಿಸಿ ಎರಡೂ ಕೈಯಿಂದ ಬಟ್ಟೆ ನೀವತೊಡಗಿದಳು. ಮೇಡಂ ನೋಡಿ, "ಮೆಲ್ಲಗಾ ಅಮ್ಮಾ, ಮೆಲ್ಲಗಾ! ಮೇಜು ಮೈಗೆ ತಾಗಿರುವಾಗ ಮಾತ್ರ ಎರಡೂ ಕೈ ಬಿಡಿ. ಒರಗೋಕೆ ಏನೂ ಇಲ್ಲದ ಕಡೆ ವಾಕರ್ ಬಿಟ್ಟರೆ ನಾನು ಸುಮ್ಮನಿರಲ್ಲ" ಎಂದು ಬೆರಳು ತೋರಿಸಿ ಹೇಳಿದರು. ಅಮ್ಮ ಶಾಲೆ ಹುಡುಗಿಯಂತೆ ತಲೆಯಾಡಿಸಿದಳು. ಮುದ್ದೆ ಪೂರ್ತಿ ಇಳಿಯತೊಡಗಿತು. ಒಂದು ಬೆಳಿಗ್ಗೆ ಯಾರನ್ನೂ ಕರೆಯದೆ ವಾಕರ್ ಕಟಕಟ ಅನ್ನಿಸಿಕೊಂಡು ಬಚ್ಚಲಿಗೆ ಹೋಗಿ ಬಂದು, ಏನೂ ಆಗದವಳಂತೆ ಕಾಫಿ ಕೇಳಿದಳು. ಅತ್ತೆ ತಮ್ಮ ಲಂಗಕ್ಕೆ ಬೇರೆ ಜಾಗ ಹುಡುಕಿಕೊಂಡರು.

ಇನ್ನು ಕೂಸಿನ ಅಭ್ಯಾಸ. ಕೂಸಿಲ್ಲದೆ ಅಭ್ಯಾಸ ಹೇಗೆ? ನನ್ನ ಗಂಡನೇ ಉಪಾಯ ಮಾಡಿದರು. ಪ್ಯಾಂಟಿನ ಒಂದು ಕಾಲು ಹೊಲಿದು, ಒಳಗೆ ಚಿಂದಿಯನ್ನೂ ಮರಳನ್ನೂ ತುಂಬಿ, ಕತ್ತಿನ ಹತ್ತಿರ ದಾರ ಬಿಗಿದು ತಲೆ ಮಾಡಿದರು. ಕೈಯಲ್ಲಿ ಎತ್ತಿ ತೂಗಿ ನೋಡಿದ ಅತ್ತೆ, "ನಮ್ಮ ಗಾದಿಲಿಂಗ ಹುಟ್ಟಿದಾಗ ಇಷ್ಟ ಇದ್ದ" ಎಂದು ತೀರ್ಪು ಕೊಟ್ಟರು. ಬಚ್ಚಲಲ್ಲಿ ಗೋಣಿ ಹಾಸಿ, ಗೋಡೆಗೆ ತಾಗಿಸಿ ಕುರ್ಚಿ, ಎದುರಿಗೆ ಸ್ಟೂಲು. ಅಮ್ಮ ಕೂತು ಕಾಲು ಚಾಚಿದಳು, ಜೀನ್ಸ್ ಕೂಸನ್ನು ಮಲಗಿಸಿಕೊಂಡಳು. ಅತ್ತೆ ಒಂದು ಚೊಂಬು ಬಿಸಿನೀರು ಹೊಯ್ದರು.

ಒಗೆಯದ ಹೊಸ ಬಟ್ಟೆ ಎಂಬುದನ್ನು ಇಡೀ ದಿನ ಅದರಲ್ಲೇ ಮುಳುಗಿರುವ ನಾವು ಅಷ್ಟೂ ಜನ ಮರೆತಿದ್ದೆವು. ಕೂಸಿನ ಮೈಯಿಂದ ನೀಲಿ ಇಳಿಯತೊಡಗಿತು. ಅಮ್ಮನ ಕಾಲು ನೀಲಿ, ಸೀರೆ ನೀಲಿ, ಅತ್ತೆಯ ಕೈ ನೀಲಿ. ನೀರು ಹಿತ್ತಿಲ ಕಾಲುವೆ ದಾಟಿ ಓಣಿಗೆ ಹರಿಯಿತು. ಪಕ್ಕದ ಮನೆಯವರು ಬಂದು ಇಣುಕಿ, "ಏನ್ರಿ ತಿಪ್ಪಮ್ಮ, ನಿಮ್ಮ ಮನ್ಯಾಗ ಕೃಷ್ಣ ಹುಟ್ಯಾನೇನು?" ಎಂದರು. ಅಮ್ಮ ನಕ್ಕಳು. ಬಿದ್ದ ಮೇಲೆ ಅವಳು ಬಾಯಿ ತುಂಬ ನಕ್ಕದ್ದನ್ನು ನಾನು ಅವತ್ತೇ ನೋಡಿದ್ದು. ಸಂತೋಷಕ್ಕೆ ನನ್ನ ಹೊಟ್ಟೆಯೊಳಗಿನದೂ ಒದೆಯಿತು.

ಆದರೆ ಎಲ್ಲ ದಿನವೂ ನಗುವಾಗಲಿಲ್ಲ. ನನಗೆ ದಿನ ತುಂಬುತ್ತ ಬಂದಿತ್ತು. ಒಂದು ಮಧ್ಯಾಹ್ನ ಅಭ್ಯಾಸದ ನಡುವೆ ಸ್ಟೂಲು ಒಂದಿಷ್ಟು ಸರಿಯಿತು, ಅಮ್ಮನ ಕಾಲು ಅಗಲವಾಯಿತು, ನೆನೆದು ಭಾರವಾಗಿದ್ದ ಕೂಸು ಧೊಪ್ಪನೆ ನೆಲಕ್ಕೆ ಬಿತ್ತು. ಅಮ್ಮ ಬಿದ್ದದ್ದನ್ನೇ ನೋಡುತ್ತ ಕೂತಳು. "ಬ್ಯಾಡ ಕಣೆ ನಾಗು. ನಿನ್ ಮಗಿ ಆಗಿದ್ರೆ? ನನ್ ಕೈಲಾಗಲ್ಲ. ಬೀಗ್ತಮ್ಮನೇ ಉಯ್ಯಲಿ" ಎಂದಳು. ನನಗೂ ಆ ಸದ್ದು ಎದೆಗೆ ಬಡಿದಿತ್ತು.

ಅತ್ತೆ ಬಗ್ಗಿ ಕೂಸನ್ನು ಎತ್ತಿದರು. ಕೂಸನ್ನೇ ಗದರಿಸಿದರು. "ಕೈ ಇಲ್ಲ, ಕಾಲು ಇಲ್ಲ, ನಿನ್ನ ಎಲ್ಲಿ ಅಂತ ಹಿಡಿಬೇಕು? ನಿಮ್ಮಪ್ಪಗ ಬುದ್ಧಿ ಇಲ್ಲ!" ಆಮೇಲೆ ಅಮ್ಮನ ಪಕ್ಕದಲ್ಲಿ ಗೋಣಿಯ ಮೇಲೆ ಕೂತು ದನಿ ತಗ್ಗಿಸಿದರು. "ಬೀಗ್ತಿ, ಕೇಳ್ರಿ. ನಿಮ್ಮಳಿಯನ್ನ ನಾನೂ ಒಮ್ಮಿ ಜಾರಿಸಿದ್ದೆ. ನಮ್ಮತ್ತಿ ನೀರು ಹೊಯ್ಯಾಕ ನಿಂತಿದ್ರು, ಟಪ್ ಅಂತ ಹಿಡಕೊಂಡ್ರು. ಕೂಸಿಗೆ ಎರಿಯೋದು ಒಬ್ಬರ ಕೆಲಸ ಅಲ್ರಿ. ಕಾಲು ನಿಮ್ದು, ಚೊಂಬು ನಂದು. ನಾನು ಬಗ್ಗೇ ನಿಂತಿರ್ತೀನಿ, ಜಾರಿದ್ರ ನನ್ನ ಕೈಯಾಗ ಬೀಳತೈತಿ. ಆದ್ರ ಕೂಸು ಮಲಗೋದು ನಿಮ್ಮ ಕಾಲ ಮ್ಯಾಲನ. ಇದು ನಿಮ್ಮ ಪಾಲಿನದು, ನಾನು ಕಸಗೊಳ್ಳಂಗಿಲ್ಲ." ನಮ್ಮತ್ತೆಗೆ ಅಷ್ಟು ಮೆಲ್ಲಗೆ ಮಾತಾಡಲು ಬರುತ್ತದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವರ ಮೇಲೆ ನನಗೆ ಆಗ ಹುಟ್ಟಿದ ಪ್ರೀತಿ ಇವತ್ತಿಗೂ ಹಾಗೇ ಇದೆ.

ನನ್ನ ಗಂಡ ಮರುದಿನವೇ ಕುರ್ಚಿಗೂ ಸ್ಟೂಲಿಗೂ ಎರಡು ಪಟ್ಟಿ ಬಡಿದು ಒಂದೇ ಮಾಡಿಬಿಟ್ಟರು. ಅಕ್ಕಪಕ್ಕ ಕೂಸು ಉರುಳದಂತೆ ದಿಂಬಿನಂಥ ಅಂಚನ್ನೂ ಹೊಲಿದರು. ಮೇಡಂ ಬಂದು ತಾವೇ ಕೂತು, ಅಲುಗಾಡಿಸಿ, ಒಪ್ಪಿಗೆ ಕೊಟ್ಟರು. ಜೀನ್ಸ್ ಕೂಸಿಗೆ ಮತ್ತೆ ದಿನಾ ಸ್ನಾನ. ಬಣ್ಣ ಬಿಟ್ಟು ಬಿಟ್ಟು ಅದು ಕೊನೆಗೆ ಮೋಡದ ಬಣ್ಣಕ್ಕೆ ಬಂತು. ನಮ್ಮಲ್ಲಿ ಹಾಗೆ ಬಣ್ಣ ಇಳಿಸಿದ ಪ್ಯಾಂಟಿಗೇ ಬೆಲೆ ಹೆಚ್ಚು ಎಂದು ಹೊಲಿಯುವ ಹೆಂಗಸರು ನಗಾಡಿದರು.

ಚಳಿ ಬೀಳುವ ಹೊತ್ತಿಗೆ ನನಗೆ ಹೆರಿಗೆಯಾಯಿತು. ಹೆಣ್ಣು. ಆಸ್ಪತ್ರೆಯಿಂದ ಮನೆಗೆ ಬಂದು, ಒಳ್ಳೆಯ ದಿನ ನೋಡಿ, ಹಂಡೆಗೆ ಜಾಲಿ ಕಟ್ಟಿಗೆಯ ಉರಿ ಹಾಕಿದರು. ಬಚ್ಚಲಿಗೆ ಒಣ ಗೋಣಿ ಹಾಸಿದರು. ಅಮ್ಮ ಬೆಳಿಗ್ಗೆಯೇ ಎದ್ದು ಯಾರನ್ನೂ ಕರೆಯದೆ ವಾಕರ್ ಹಿಡಿದು ಹೋಗಿ ತನ್ನ ಕುರ್ಚಿಯಲ್ಲಿ ಕೂತಿದ್ದಳು. ಅತ್ತೆ ಕೂಸನ್ನು ತಂದು ಅವಳ ಕಾಲ ಮೇಲಿಟ್ಟರು. ಜೀನ್ಸ್ ಕೂಸು ಒದೆಯುತ್ತಿರಲಿಲ್ಲ, ಅಳುತ್ತಿರಲಿಲ್ಲ, ಎಣ್ಣೆ ಹಚ್ಚಿದಾಗ ಮೀನಿನಂತೆ ಜಾರುತ್ತಿರಲಿಲ್ಲ. ಇವಳು ಎಲ್ಲವನ್ನೂ ಮಾಡಿದಳು. ಅಮ್ಮನ ಕೈ ಒಂದು ಕ್ಷಣ ತಡೆಯಿತು. ಆಮೇಲೆ ಊರ ಮಕ್ಕಳನ್ನೆಲ್ಲ ನೀವಿದ ಆ ಕೈಗೆ ಎಲ್ಲ ನೆನಪಾಯಿತು. ಅತ್ತೆ ಮಾತಿಗೆ ತಪ್ಪದೆ ಇಡೀ ಹೊತ್ತು ಬಗ್ಗಿಯೇ ನಿಂತು ಚೊಂಬು ಚೊಂಬು ನೀರು ಹೊಯ್ದರು. ಕೂಸು ಓಣಿಗೆಲ್ಲ ಕೇಳುವಂತೆ ಅತ್ತಿತು. ಅಜ್ಜಿಯರಿಬ್ಬರೂ ಹಲ್ಲು ಕಾಣುವಂತೆ ನಗುತ್ತಿದ್ದರು.

ಅತ್ತೆ ಕೂಸನ್ನು ಸುತ್ತಿಕೊಂಡು ಒಳಗೆ ಹೋದರು. ನಾನೂ ಹಿಂದೆಯೇ ಹೊರಟೆ.

"ಎಲ್ಲಿಗೆ ಹೋಗ್ತೀಯೆ? ಮಗೀಗೆ ಉಯ್ದ್ರೆ ಮುಗೀತಾ? ಬಾಣಂತಿ ಯಾರು? ಕೂತ್ಕ ಮಣೆ ಮ್ಯಾಲೆ" ಎಂದಳು ಅಮ್ಮ.

ನಾನು ಅವಳ ಪಕ್ಕದಲ್ಲಿ ಮಣೆಯ ಮೇಲೆ ಕೂತು ಕಣ್ಣು ಮುಚ್ಚಿದೆ. ಕುರ್ಚಿ ಕಿರ್ ಎಂದಿತು, ಅವಳು ಎದ್ದಳೆಂದು ತಿಳಿಯಿತು. ಒಂದು ಚೊಂಬು ಬಿಸಿನೀರು ನೆತ್ತಿಯ ಮೇಲೆ ಬಿತ್ತು, ಇನ್ನೊಂದು. ಆಮೇಲೆ ಚೊಂಬನ್ನು ಹಂಡೆಯ ಕಟ್ಟೆಗೆ ಇಟ್ಟ ಸದ್ದು. ಸೀಗೆಪುಡಿ ಬಿತ್ತು. ಅಮ್ಮ ತಲೆ ತಿಕ್ಕತೊಡಗಿದಳು, ಚಿಕ್ಕಂದಿನಲ್ಲಿ ಶನಿವಾರ ಶನಿವಾರ ತಿಕ್ಕುತ್ತಿದ್ದ ಹಾಗೆ, ಕಿವಿಯ ಹಿಂದೆ, ಕತ್ತಿನ ಬುಡದಲ್ಲಿ, ಗಸಗಸ. ಸುಖವಾಗಿ ಮೈಮರೆತಿದ್ದವಳಿಗೆ ಆಗ ಹೊಳೆಯಿತು. ನನ್ನ ತಲೆಯ ಮೇಲೆ ಅವಳ ಎರಡೂ ಕೈಗಳಿದ್ದವು.

ಒಂದೇ ಕಣ್ಣು ತೆರೆದು ನೋಡಿದೆ. ವಾಕರ್ ಅಷ್ಟು ದೂರದಲ್ಲಿ ಬಾಗಿಲ ಬಳಿ ನಿಂತಿತ್ತು, ಅದರ ಮೇಲೆ ನನ್ನ ಒಣ ಸೀರೆ. ಅಮ್ಮ ಗೋಡೆಗೆ ಬೆನ್ನು ಕೊಟ್ಟು, ಅಳಿಯ ಅಟ್ಟೆ ಕಟ್ಟಿಕೊಟ್ಟ ಚಪ್ಪಲಿಯ ಮೇಲೆ ನೆಟ್ಟಗೆ ನಿಂತಿದ್ದಳು.

ನಾನು ಕಣ್ಣು ಮುಚ್ಚಿ ಅತ್ತುಬಿಟ್ಟೆ.

"ಅಳ್ತಿದ್ದೀಯೇನೆ?" ಎಂದಳು.

"ಹೂಂ" ಎಂದೆ.

"ಅಳು, ಅಳು. ತಲೆ ಬಗ್ಸು ಮೊದ್ಲು" ಎಂದು ಅಮ್ಮ ಇನ್ನೊಂದು ಚೊಂಬು ನೀರು ಹೊಯ್ದಳು.